ಲಾಂಚಿಗೆ ಕಾಯುತ್ತಿದ್ದ ಬಸ್ಸು ರೈಲಿಗೆ ಯಾಕೆ ಕಾಯಬಾರದು? ಭದ್ರಾವತಿ–ರಿಪ್ಪನ್‌ಪೇಟೆ ಓಡಾಟದ ವಿಮರ್ಶೆ

ಜೂನ್ ಮೊದಲ ವಾರ ಅಮ್ಮ ಅಂಗಳದಲ್ಲಿ ಜಾರಿ ಬಿದ್ದಳು. ಪಾಚಿ ಕಟ್ಟಿದ ಕಲ್ಲು, ಮೇಲೆ ಹನಿ ಮಳೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಸೊಂಟ ಹಿಡಿದುಕೊಂಡಿತು. ಅವಳಿಗೆ ಈಗ 78. ಶಿವಮೊಗ್ಗ ಜಿಲ್ಲೆಯ ರಿಪ್ಪನ್‌ಪೇಟೆಯಿಂದ ಒಳಗೆ ಮೂರು ಕಿಲೋಮೀಟರ್ ದೂರದ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ತೋಟ ಬಿಟ್ಟು ಬರಲು ಒಪ್ಪುವುದಿಲ್ಲ. ನಾನಿರುವುದು ಭದ್ರಾವತಿಯಲ್ಲಿ. ಪಿಯು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಹಾಗಾಗಿ ಈ ಮಳೆಗಾಲ ಪೂರ್ತಿ ನನ್ನದು ಒಂದೇ ದಿನಚರಿ. ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಹೊರಡುವುದು, ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ವಾಪಸ್ ಬರುವುದು.

ಮನೆಯಲ್ಲಿದ್ದ ಕಾರು ಯಜಮಾನರ ಜೊತೆ ಅವರು ವರ್ಗವಾದ ಊರಿಗೆ ಹೋಗಿದೆ. ನನಗೆ ಬಸ್ಸು, ರೈಲೇ ಗತಿ. ಎರಡನೇ ವಾರದಿಂದ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಸ್ಟಾಪಿಗೆ ಬಂದ ಹೊತ್ತು, ಬಸ್ಸು ಬಂದ ಹೊತ್ತು, ಇಳಿದ ಹೊತ್ತು, ಅಷ್ಟನ್ನೇ ಬರೆದೆ. ಈ ವಿಮರ್ಶೆ ಆ ನೋಟ್‌ಬುಕ್‌ನಿಂದ ಬಂದದ್ದು. ಯಾವುದೋ ಒಂದು ಬಸ್ ಕಂಪನಿಯ ಬಗ್ಗೆ ಅಲ್ಲ. ಭದ್ರಾವತಿಯಲ್ಲಿ ಮನೆ ಬಾಗಿಲು ಹಾಕಿ ಅಮ್ಮನ ಜಗುಲಿಗೆ ಕಾಲಿಡುವ ತನಕ ಸಿಗುವ ಇಡೀ ಸೇವೆಯ ಬಗ್ಗೆ.

ದಾರಿ ಹೆಚ್ಚೂಕಡಿಮೆ ಎಪ್ಪತ್ತು ಕಿಲೋಮೀಟರ್. ಎಲ್ಲ ಕೂಡಿ ಬಂದ ದಿನ ಎರಡೂಕಾಲು ಗಂಟೆಯಲ್ಲಿ ಮುಟ್ಟಿದ್ದೇನೆ. ಕೂಡಿ ಬಾರದ ದಿನ ನಾಲ್ಕೂವರೆ ಗಂಟೆ ಹಿಡಿದಿದೆ. ಬಸ್ಸು ಓಡುವ ವೇಗ ಎರಡೂ ದಿನ ಒಂದೇ. ವ್ಯತ್ಯಾಸ ಪೂರ್ತಿ ನಿಂತು ಕಾದದ್ದು.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಭದ್ರಾವತಿ–ಶಿವಮೊಗ್ಗ ದಾರಿಗೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಇಲ್ಲಿ ಟೈಮ್ ನೋಡಿಕೊಂಡು ಮನೆ ಬಿಡಬೇಕಾಗಿಲ್ಲ. ಬಿ.ಎಚ್. ರಸ್ತೆಗೆ ಬಂದು ನಿಂತರೆ ಸರ್ಕಾರಿದೋ ಖಾಸಗಿದೋ ಒಂದು ಬಸ್ಸು ಬಂದೇ ಬರುತ್ತದೆ. ನನ್ನ ನೋಟ್‌ಬುಕ್‌ನಲ್ಲಿ ಈ ಸ್ಟಾಪಿನಲ್ಲಿ ಅತಿ ಜಾಸ್ತಿ ಕಾದದ್ದು 12 ನಿಮಿಷ. ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ಈ ರಸ್ತೆಯೇ ನಮ್ಮ ಜಿಲ್ಲೆಯ ಬೆನ್ನುಮೂಳೆ. 2011ರ ಜನಗಣತಿಯಲ್ಲೇ ಶಿವಮೊಗ್ಗ ಊರಿನ ಜನ ಮೂರು ಲಕ್ಷ ದಾಟಿದ್ದರು, ಭದ್ರಾವತಿಯವರು ಒಂದೂವರೆ ಲಕ್ಷ ಇದ್ದರು. ನಡುವೆ ಇಪ್ಪತ್ತು ಕಿಲೋಮೀಟರ್ ಕೂಡ ಸರಿಯಾಗಿ ಇಲ್ಲ. ಮಲವಗೊಪ್ಪ, ನಿದಿಗೆ ಕಡೆ ನೋಡಿದರೆ ಎರಡು ಊರು ಒಂದಕ್ಕೊಂದು ಕೈ ಚಾಚುತ್ತಿರುವುದು ಕಾಣುತ್ತದೆ. ಸೋಗಾನೆಯ ವಿಮಾನ ನಿಲ್ದಾಣವೂ ಈ ಕಡೆಗೇ ಬಂತು. ಬೆಳಗ್ಗೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕೆಲಸಕ್ಕೆ, ಕಾಲೇಜಿಗೆ ಓಡಾಡುವವರನ್ನು ನೋಡಿದರೆ ಇವು ಎರಡು ಊರು ಅಂತ ಅನ್ನಿಸುವುದೇ ಇಲ್ಲ. ಅರ್ಧ ಅಂಕ ಕಡಿಮೆ ಮಾಡಿದ್ದು ಸಂಜೆಯ ನೂಕುನುಗ್ಗಲಿಗೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ದಾರಿಯಲ್ಲಿ ಹೆಂಗಸರಿಗೆ ದೊಡ್ಡ ಅನುಕೂಲ ಆಗಿದೆ. ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ನನ್ನ ಸಂಬಳಕ್ಕೆ ಆ ದುಡ್ಡು ಲೆಕ್ಕಕ್ಕೆ ಬಾರದೇ ಇರಬಹುದು. ಆದರೆ ನನ್ನ ಪಕ್ಕ ಕೂರುವ, ಶಿವಮೊಗ್ಗದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಹುಡುಗಿಗೆ ತಿಂಗಳ ಬಸ್ ಚಾರ್ಜು ಉಳಿದದ್ದು ತಮ್ಮನ ಫೀಸಿಗೆ ಹೋಗುತ್ತದಂತೆ.

ಆದರೆ ಶಿವಮೊಗ್ಗ ದಾಟಿ ಮಲೆನಾಡಿನ ಕಡೆ ತಿರುಗಿದರೆ ಲೆಕ್ಕ ಬದಲಾಗುತ್ತದೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಬಸ್ಸು ಅಂದರೆ ಬಹುಪಾಲು ಖಾಸಗಿ ಬಸ್ಸು. ತಲೆಮಾರುಗಳಿಂದ ಹಾಗೇ ನಡೆದು ಬಂದಿದೆ. ಶಕ್ತಿ ಯೋಜನೆ ನಿಗಮದ ಬಸ್ಸಿಗೆ ಮಾತ್ರ. ಅಂದರೆ ಹತ್ತು ನಿಮಿಷಕ್ಕೊಂದು ಬಸ್ಸಿರುವ ಊರಿನ ಹೆಂಗಸಿಗೆ ಓಡಾಟ ಉಚಿತ. ದಿನಕ್ಕೆ ಮೂರು ಬಸ್ಸು ಬರುವ ಹಳ್ಳಿಯ ಹೆಂಗಸು ಪೂರ್ತಿ ಚಾರ್ಜು ಕೊಡಬೇಕು. ಅಮ್ಮನ ಮನೆಗೆ ಕೆಲಸಕ್ಕೆ ಬರುವಾಕೆ ಆಸ್ಪತ್ರೆಗೆಂದು ಶಿವಮೊಗ್ಗಕ್ಕೆ ಹೊರಟರೆ ಎರಡು ಖಾಸಗಿ ಬಸ್ಸು ಬಿಟ್ಟು ಸರ್ಕಾರಿ ಬಸ್ಸಿಗೆ ಕಾಯುತ್ತಾಳೆ. ನೂರಿಪ್ಪತ್ತು ರೂಪಾಯಿ ಉಳಿಸಲು ಅರ್ಧ ದಿನ ಹೋಗುತ್ತದೆ. ಅವಳದ್ದು ತಪ್ಪು ಅಂತ ಯಾರೂ ಹೇಳುವ ಹಾಗಿಲ್ಲ.

ಈಗ ಶಿವಮೊಗ್ಗ ಬಸ್ ಸ್ಟ್ಯಾಂಡ್. ಸರ್ಕಾರಿ ನಿಲ್ದಾಣ, ಖಾಸಗಿ ನಿಲ್ದಾಣ ಅಕ್ಕಪಕ್ಕದಲ್ಲೇ ಇವೆ. ಇದು ನಿಜಕ್ಕೂ ಭಾಗ್ಯ. ಎಷ್ಟೋ ಊರುಗಳಲ್ಲಿ ಇವು ಊರಿನ ಎರಡು ತುದಿಯಲ್ಲಿರುತ್ತವೆ. ಆದರೆ ಗೋಡೆಯ ಆಚೆ ಯಾವ ಬಸ್ಸು ಎಷ್ಟು ಹೊತ್ತಿಗೆ ಇದೆ ಅಂತ ಈಚೆ ನಿಂತವರಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ ಬರೆದ ಒಂದು ಬೋರ್ಡು ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಮಾಡುತ್ತಿದ್ದದ್ದು ಇಷ್ಟು: ಬಸ್ಸಿಳಿದು ಬೇಗ ಬೇಗ ಖಾಸಗಿ ಕಡೆ ಹೋಗಿ ಏಜೆಂಟರನ್ನು ಕೇಳುವುದು. "ಅಕ್ಕಾ, ಈಗಷ್ಟೇ ಹೋಯ್ತಲ್ಲ, ಇನ್ನೊಂದು ಮುಕ್ಕಾಲು ಗಂಟೆಗಿದೆ" ಅಂತ ಅವರು ಹೇಳಿದ ವಾರಗಳನ್ನು ಎಣಿಸಿದರೆ ಏಳು. ಏಜೆಂಟರು ಒಳ್ಳೆಯವರು. ನನ್ನ ಚೀಲ ನೋಡಿ ನೆನಪಿಟ್ಟುಕೊಂಡು, ಆಮೇಲಾಮೇಲೆ ನಾನು ಕೇಳುವ ಮೊದಲೇ ಹೇಳುತ್ತಿದ್ದರು. ಆದರೆ ಇಡೀ ಜಿಲ್ಲೆಯ ವೇಳಾಪಟ್ಟಿ ಇಬ್ಬರು ಮೂವರು ಏಜೆಂಟರ ತಲೆಯೊಳಗೆ ಇದ್ದರೆ ಹೊಸಬರು ಏನು ಮಾಡಬೇಕು? ರೈಲ್ವೆ ಸ್ಟೇಷನ್ನಂತೂ ಬೇರೆ ದಿಕ್ಕು. ಚೀಲ ಹೊತ್ತು ಮಳೆಯಲ್ಲಿ ನಡೆಯುವ ದೂರ ಅಲ್ಲ, ಆಟೋ ಹತ್ತಲೇಬೇಕು. ಈ ಹಂತಕ್ಕೆ ಐದಕ್ಕೆ ಎರಡು.

ಶಿವಮೊಗ್ಗದಿಂದ ಆಯನೂರು, ಅಲ್ಲಿಂದ ಎಡಕ್ಕೆ ತಿರುಗಿ ರಿಪ್ಪನ್‌ಪೇಟೆ. ಈ ದಾರಿಯ ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳ ಬಗ್ಗೆ ಎಷ್ಟು ಬರೆದರೂ ಕಡಿಮೆ. ಜುಲೈನಲ್ಲಿ ಕಿಟಕಿಗೆ ಟಾರ್ಪಾಲು ಇಳಿಬಿಟ್ಟು, ಒಳಗೆ ದೀಪ ಹಾಕಿಕೊಂಡು ಬಸ್ಸು ಹೋಗುತ್ತಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆದರೂ ಕಂಡಕ್ಟರ್ ಒಂದೊಂದು ಕ್ರಾಸಿಗೂ ಸರಿಯಾಗಿ ಕೂಗುತ್ತಾನೆ. ಔಷಧಿ ಪೊಟ್ಟಣ, ಪಂಪ್‌ಸೆಟ್ಟಿನ ಬೆಲ್ಟು, ಮದುವೆ ಕಾಗದದ ಕಟ್ಟು, ಎಲ್ಲವನ್ನೂ ಅವರವರ ಕ್ರಾಸಿನಲ್ಲಿ ಇಳಿಸಿ ಹೋಗುತ್ತಾನೆ. ಒಂದು ಸಂಜೆ ಹೈಸ್ಕೂಲು ಮಕ್ಕಳು ಇಬ್ಬರು ದಿನಾ ನಿಲ್ಲುವ ಜಾಗದಲ್ಲಿ ಇರಲಿಲ್ಲ. ಡ್ರೈವರ್ ಬಸ್ಸು ನಿಲ್ಲಿಸಿ ಹಾರ್ನ್ ಹೊಡೆದರು. ಎರಡು ನಿಮಿಷ ಬಿಟ್ಟು ಕೊಡೆ ಹಿಡಿದುಕೊಂಡು ಆ ಮಕ್ಕಳು ಓಡಿ ಬಂದವು. ಬಸ್ಸಿನಲ್ಲಿದ್ದ ಒಬ್ಬರೂ ಗೊಣಗಲಿಲ್ಲ. ಅದು ಅವತ್ತಿನ ಕೊನೆಯ ಬಸ್ಸು ಅಂತ ಎಲ್ಲರಿಗೂ ಗೊತ್ತಿತ್ತು.

ಇಂಥ ಬಸ್ಸಿನ ಮಾತು ಬಂದರೆ ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಯದೆ ಇರಲಾರೆ. ತಾವು ದುಡಿಯುತ್ತಿದ್ದ ಬಸ್ ಕಂಪನಿ ಮುಚ್ಚಿದಾಗ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕುಗಳೇ ಮಾಲೀಕರು. ಓದುವ ಮಕ್ಕಳಿಗೆ ರಿಯಾಯಿತಿ ಪಾಸು ಕೊಡುತ್ತಿದ್ದರು. ಚಿಕ್ಕಮ್ಮನ ಮನೆಗೆ ಹೋಗುವಾಗ ನಾನೂ ಆ ಬಸ್ಸು ಹತ್ತಿದವಳೇ. 2020ರಲ್ಲಿ ನಷ್ಟ ತಾಳಲಾರದೆ ಅದು ನಿಂತುಹೋಯಿತು. ಸುದ್ದಿ ಓದಿದ ದಿನ ನನಗೆ ಅಳು ಬಂದಿತ್ತು. ಜನ ಇಷ್ಟಪಟ್ಟು ಹತ್ತುತ್ತಿದ್ದ, ಕೆಲಸಗಾರರು ಪ್ರಾಣ ಇಟ್ಟು ನಡೆಸಿದ ಸೇವೆಯೂ ಉಳಿಯಲಿಲ್ಲ ಅಂದರೆ, ಒಂದೊಂದು ಬಸ್ಸು ಒಂದೊಂದಾಗಿ ಬದುಕಬೇಕು ಅನ್ನುವ ಏರ್ಪಾಡಿನಲ್ಲೇ ಏನೋ ಕೊರತೆ ಇದೆ ಅಲ್ವಾ?

ಕೊರತೆ ಎಲ್ಲಿದೆ ಅಂತ ನನಗೆ ಗೊತ್ತಾದದ್ದು ರೈಲು ಹತ್ತಿದ ಮೇಲೆ.

ತಾಳಗುಪ್ಪದ ರೈಲು ಭದ್ರಾವತಿಯ ಮೇಲೇ ಹೋಗುತ್ತದೆ. ಭದ್ರಾವತಿಯಲ್ಲಿ ಹತ್ತಿ ಕೂತರೆ ಶಿವಮೊಗ್ಗದಲ್ಲಿ ಇಳಿಯುವ ಕೆಲಸವೇ ಇಲ್ಲ. ಕುಂಸಿ ದಾಟಿದರೆ ಅರಸಾಳು. ಅಲ್ಲಿಂದ ರಿಪ್ಪನ್‌ಪೇಟೆ ಕೆಲವೇ ಕಿಲೋಮೀಟರ್. ಇದು ಇಷ್ಟು ವರ್ಷ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆಗಸ್ಟಿನ ಒಂದು ಶನಿವಾರ ಕಾಲೇಜಿಗೆ ರಜೆ ಇತ್ತು. ಅರಸಾಳಿನಲ್ಲಿ ನಿಲ್ಲುವ ರೈಲು ನೋಡಿಕೊಂಡು ಹೊರಟೆ. ಟಿಕೆಟ್ಟು ಬಸ್ಸಿಗಿಂತ ಎಷ್ಟೋ ಅಗ್ಗ. ಕೂರಲು ಸೀಟು, ಕಾಲು ಚಾಚಲು ಜಾಗ, ಶೌಚಾಲಯ. ಅಮ್ಮನಂಥ ವಯಸ್ಸಾದವರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆತರಲು ಇದಕ್ಕಿಂತ ಒಳ್ಳೆ ಗಾಡಿ ಇಲ್ಲ. ಶಿವಮೊಗ್ಗದಲ್ಲಿ ತುಂಗೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಕುಂಸಿ ಆದ ಮೇಲೆ ಕಾಡು, ಎರಡೂ ಕಡೆ ಹಸಿರು ಗೋಡೆ. ಹಿಂದೆ ಈ ಹಳಿ ಮೀಟರ್ ಗೇಜ್ ಇದ್ದಾಗ ಇಲ್ಲಿ ರೈಲ್‌ಬಸ್ ಓಡುತ್ತಿತ್ತು. ಹಳಿಯ ಮೇಲೆ ಬಸ್ಸು ಹೋದ ಹಾಗೆ. ಅಪ್ಪನ ಜೊತೆ ಅದರಲ್ಲಿ ಸಾಗರಕ್ಕೆ ಹೋದ ನೆನಪು ಇನ್ನೂ ಇದೆ.

ಅರಸಾಳಿನಲ್ಲಿ ಇಳಿದೆ. ಹಳೇ ಸ್ಟೇಷನ್ ಕಟ್ಟಡ ಈಗ ಮ್ಯೂಸಿಯಂ ಆಗಿದೆ, ಚೆಂದ ಇಟ್ಟಿದ್ದಾರೆ. ರೈಲಿನಿಂದ ನನ್ನ ಜೊತೆ ಇಳಿದವರು ಹದಿನಾಲ್ಕು ಜನ. ಎಣಿಸಿದೆ. ಅವರಲ್ಲಿ ಒಂಬತ್ತು ಜನರನ್ನು ಕರೆದುಕೊಂಡು ಹೋಗಲು ಮನೆಯವರು ಬೈಕು, ಓಮ್ನಿ ತಂದಿದ್ದರು. ಉಳಿದ ನಾವು ಐವರು ರಸ್ತೆಗೆ ಬಂದು ನಿಂತೆವು. ರಿಪ್ಪನ್‌ಪೇಟೆ ಬಸ್ಸು ರೈಲು ಬರುವ ಹತ್ತು ನಿಮಿಷ ಮೊದಲು ಹೋಗಿತ್ತು. ಮುಂದಿನದು ಬಂದದ್ದು ಒಂದು ಗಂಟೆ ಹತ್ತು ನಿಮಿಷದ ಮೇಲೆ. ಮಳೆ ಜೋರಾಯಿತು. ನಮ್ಮಲ್ಲಿ ಒಬ್ಬಾಕೆಯ ಕೈಯಲ್ಲಿ ಆರು ತಿಂಗಳ ಕೂಸು ಇತ್ತು. ನನ್ನ ಕೊಡೆಯನ್ನೂ ಅವಳ ಕೊಡೆಯನ್ನೂ ಸೇರಿಸಿ ಹಿಡಿದು ನಿಂತಿದ್ದೆವು. ಮನೆ ಮುಟ್ಟಿದಾಗ ಅಮ್ಮ ಜಗುಲಿಯಲ್ಲೇ ಕೂತಿದ್ದಳು. "ಎಂತ ಮಾರಾಯ್ತಿ, ರೈಲಲ್ಲಿ ಬೇಗ ಬರ್ತೀನಿ ಅಂದವಳು ಹೊತ್ತು ಮುಳುಗಿ ಬಂದ್ಯಲ್ಲೇ?"

ಆ ಬಸ್ಸಿನವರನ್ನು ನಾನು ದೂರುವುದಿಲ್ಲ. ಅವರಿಗೆ ಪರ್ಮಿಟ್ಟಿನಲ್ಲಿ ಆ ಟೈಮು ಬರೆದುಕೊಟ್ಟಿದೆ, ಅವರು ಆ ಟೈಮಿಗೆ ಹೋದರು. ರೈಲಿನವರೂ ತಮ್ಮ ಟೈಮಿಗೆ ಬಂದರು. ಈ ಎರಡು ಟೈಮನ್ನೂ ಒಟ್ಟಿಗೆ ಇಟ್ಟು ನೋಡುವುದು ಯಾರ ಕೆಲಸವೂ ಆಗಿಲ್ಲ.

ಕೊಡೆ ಹಿಡಿದು ನಿಂತಾಗ ನನಗೆ ನೆನಪಾದದ್ದು ತುಮರಿಯ ಅತ್ತೆಯ ಮನೆ. ಶರಾವತಿ ಹಿನ್ನೀರಿನ ಆಚೆ ದಡ ಅದು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದ ಮೇಲೆ ದ್ವೀಪದ ಹಾಗೆ ಆದ ಸೀಮೆ. ನಾವು ಸಣ್ಣವರಿದ್ದಾಗ ಸಾಗರದಿಂದ ಬಸ್ಸಿನಲ್ಲಿ ಅಂಬಾರಗೋಡ್ಲು, ಅಲ್ಲಿ ಹಿನ್ನೀರು ದಾಟಿಸುವ ದೊಡ್ಡ ದೋಣಿ, ಅಂದರೆ ಲಾಂಚು, ಆಚೆ ಕಳಸವಳ್ಳಿ. ಕೆಲವು ಸಲ ಬಸ್ಸೇ ಲಾಂಚು ಹತ್ತುತ್ತಿತ್ತು. ಕೆಲವು ಸಲ ನಾವು ಇಳಿದು ಲಾಂಚು ಹತ್ತುತ್ತಿದ್ದೆವು. ಒಂದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಲಾಂಚು ನೀರಿನ ನಡುವೆ ಇದೆ ಅಂತ ಕಂಡರೆ ಬಸ್ಸು ಹೊರಡುತ್ತಿರಲಿಲ್ಲ. ಡ್ರೈವರ್ ಬೀಡಿ ಸೇದುತ್ತಾ ದಡದಲ್ಲಿ ನಿಂತಿರುತ್ತಿದ್ದರು. ಲಾಂಚು ದಡ ಮುಟ್ಟಿ, ಕೊನೆಯ ಅಜ್ಜಿ ಮೆಟ್ಟಿಲು ಹತ್ತಿದ ಮೇಲೇ "ರೈಟ್" ಅನ್ನುತ್ತಿದ್ದರು. ಯಾಕೆಂದರೆ ಆ ಜನರನ್ನು ಬಿಟ್ಟು ಹೋದರೆ ಬಸ್ಸಿಗೆ ಬೇರೆ ಜನ ಇರಲಿಲ್ಲ. 2025ರ ಜುಲೈ 14ರಂದು ಅಲ್ಲಿ ಎರಡು ಕಿಲೋಮೀಟರ್‌ಗೂ ಉದ್ದದ ಸೇತುವೆ ಆಯಿತು. ಅತ್ತೆಯ ಮನೆಯವರು ಪಟ್ಟ ಪಾಡು ನೋಡಿದ ನನಗೆ ಅದು ಎಷ್ಟು ಸಂತೋಷ ಅಂತ ಹೇಳಲಾರೆ. ಆದರೆ ಬಸ್ಸು ಇನ್ನೊಂದಕ್ಕೆ ಕಾಯುವುದು ಅನ್ನುವ ಆ ಪಾಠವನ್ನು ಜಿಲ್ಲೆಗೆಲ್ಲ ಹರಡಬಹುದಿತ್ತಲ್ಲ.

ಬೇರೆ ಕಡೆ ಇದನ್ನೇ ದೊಡ್ಡದಾಗಿ ಮಾಡಿದ್ದಾರೆ. ಕ್ಲಾಸಿನಲ್ಲಿ ಸ್ವಿಟ್ಜರ್ಲೆಂಡ್ ಪಾಠ ಮಾಡುವಾಗ ನಾನು ಇದನ್ನು ಹೇಳುವುದುಂಟು. ಅದೂ ನಮ್ಮ ಹಾಗೆ ಗುಡ್ಡ, ಕಣಿವೆಗಳ ನಾಡು. 1982ರಿಂದ ಅಲ್ಲಿ ರೈಲುಗಳು ಗಂಟೆಗೊಂದರಂತೆ, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುವ ಹಾಗೆ ದೇಶಕ್ಕೆಲ್ಲ ಒಂದೇ ವೇಳಾಪಟ್ಟಿ ಮಾಡಿದರು. ರೈಲು ಬಂದ ಕೆಲವೇ ನಿಮಿಷಕ್ಕೆ ಹಳ್ಳಿಯ ಬಸ್ಸು ಸ್ಟೇಷನ್ ಮುಂದಿಂದ ಹೊರಡುತ್ತದೆ. ಜರ್ಮನಿಯ ಹ್ಯಾಂಬರ್ಗ್ 1965ರಲ್ಲೇ ಇನ್ನೊಂದು ಕೆಲಸಕ್ಕೆ ಕೈ ಹಾಕಿತು. ಬೇರೆ ಬೇರೆ ಸಂಸ್ಥೆಗಳ ರೈಲು, ಬಸ್ಸು, ದೋಣಿ ಎಲ್ಲದಕ್ಕೂ ಒಂದೇ ಟಿಕೆಟ್ಟು. ಬಂದ ದುಡ್ಡು ಒಂದೇ ಪೆಟ್ಟಿಗೆಗೆ, ಆಮೇಲೆ ಹಂಚಿಕೆ. ಇದರಿಂದ ಏನಾಗುತ್ತದೆ ಅಂದರೆ, ಮುಂದಿನ ಬಸ್ಸನ್ನು ಹಿಂದೆ ಹಾಕಿ ಜನರನ್ನು ಎತ್ತಿಕೊಳ್ಳುವ ಅವಸರ ಯಾರಿಗೂ ಉಳಿಯುವುದಿಲ್ಲ.

ನಮ್ಮಲ್ಲಿ ಆ ಅವಸರ ದಿನಾ ಕಾಣುತ್ತದೆ. ಟೈಮಿಂಗ್ ಜಗಳ ಅಂತ ನಾವು ಕೇಳಿಕೊಂಡೇ ಬೆಳೆದವರು. ಐದು ನಿಮಿಷದ ಅಂತರದಲ್ಲಿ ಎರಡು ಬಸ್ಸು ಓಡುತ್ತವೆ, ಆಮೇಲೆ ಒಂದು ಗಂಟೆ ಏನೂ ಇಲ್ಲ. ಬಸ್ಸಿನ ಮಾಲೀಕರಿಗೂ ಡೀಸೆಲ್ಲು, ಕಂತು, ಸಂಬಳದ ಚಿಂತೆ ಇರುತ್ತದೆ. ಟಿಕೆಟ್ಟಿನ ದುಡ್ಡು ಬಿಟ್ಟರೆ ಬೇರೆ ಆದಾಯ ಇಲ್ಲ. ಹಾಗಾಗಿ ಜನ ಜಾಸ್ತಿ ಇರುವ ಹೊತ್ತಿಗೆ ಎಲ್ಲರೂ ನುಗ್ಗುತ್ತಾರೆ. ಜನ ಕಡಿಮೆ ಇರುವ ಮಧ್ಯಾಹ್ನ, ರಾತ್ರಿಗೆ ಯಾರೂ ಇರುವುದಿಲ್ಲ. ಸಾರಿಗೆ ಯೋಜನೆ ಮಾಡುವವರು ಕಾಯುವ ಒಂದು ನಿಮಿಷವನ್ನು ಸೀಟಿನಲ್ಲಿ ಕೂತ ಸುಮಾರು ಎರಡು ನಿಮಿಷಕ್ಕೆ ಸಮ ಅಂತ ಲೆಕ್ಕ ಹಿಡಿಯುತ್ತಾರೆ. ಮಲೆನಾಡಿನ ಮಳೆಯಲ್ಲಿ, ಸೂರಿಲ್ಲದ ಕ್ರಾಸಿನಲ್ಲಿ, ಕೂಸು ಎತ್ತಿಕೊಂಡವಳಿಗೆ ಅದು ನಾಲ್ಕು ನಿಮಿಷ ಅಂತ ನಾನು ಹೇಳುತ್ತೇನೆ.

ಇದಕ್ಕೆ ಮೆಟ್ರೋ ಬೇಡ, ಕೋಟಿಗಟ್ಟಲೆ ದುಡ್ಡೂ ಬೇಡ. ಬೆಂಗಳೂರಿನಲ್ಲಿ ಎಲ್ಲ ಸಾರಿಗೆಯನ್ನೂ ಕೂಡಿಸಿ ನೋಡಲು ಒಂದು ಪ್ರಾಧಿಕಾರ ಬೇಕು ಅಂತ 2022ರಲ್ಲಿ ವಿಧಾನಮಂಡಲ ಕಾಯ್ದೆಯನ್ನೇ ಪಾಸು ಮಾಡಿತು. ನಮ್ಮ ಜಿಲ್ಲೆಗೆ ಅಷ್ಟು ದೊಡ್ಡದೂ ಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಬಸ್ಸಿನ ಪರ್ಮಿಟ್ಟು, ಅದರ ದಾರಿ, ಟೈಮು ತೀರ್ಮಾನ ಮಾಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಅಂದರೆ ಟೈಮ್ ಬದಲಾಯಿಸುವ ಪೆನ್ನು ಶಿವಮೊಗ್ಗದಲ್ಲೇ ಇದೆ. ರೈಲಿನ ವೇಳಾಪಟ್ಟಿಯನ್ನು ಪಕ್ಕಕ್ಕೆ ಇಟ್ಟುಕೊಂಡು, ಅರಸಾಳು, ಆನಂದಪುರ, ಸಾಗರ, ತಾಳಗುಪ್ಪ ಈ ನಾಲ್ಕು ಸ್ಟೇಷನ್‌ಗಳ ಮುಂದೆ ಹೋಗುವ ಬಸ್ಸುಗಳ ಟೈಮನ್ನು ರೈಲು ಬಂದು ಹತ್ತು ಹದಿನೈದು ನಿಮಿಷಕ್ಕೆ ಸರಿಸಿದರೆ ಸಾಕು. ತಾಳಗುಪ್ಪದಿಂದ ಜೋಗಕ್ಕೆ ಹೋಗುವವರಿಗೂ ಅನುಕೂಲ.

ಇನ್ನೊಂದು ಜಾಗ ರಿಪ್ಪನ್‌ಪೇಟೆಯ ವಿನಾಯಕ ಸರ್ಕಲ್. ಶಿವಮೊಗ್ಗ, ಹೊಸನಗರ, ಸಾಗರ, ತೀರ್ಥಹಳ್ಳಿ, ನಾಲ್ಕು ದಿಕ್ಕಿನ ರಸ್ತೆ ಅಲ್ಲಿ ಕೂಡುತ್ತದೆ. ನಾಲ್ಕೂ ಕಡೆಯ ಬಸ್ಸು ಎರಡು ಗಂಟೆಗೊಮ್ಮೆ ಒಂದೇ ಹೊತ್ತಿಗೆ ಅಲ್ಲಿ ಬಂದು, ಐದು ನಿಮಿಷ ನಿಂತು, ಜನ ಬದಲಾಯಿಸಿಕೊಂಡು ಹೊರಡುವ ಹಾಗೆ ಮಾಡಿದರೆ ಎಂಥ ಚೆಂದ! ಹುಂಚದಿಂದ ಬಂದವರು ಸಾಗರದ ಬಸ್ಸು ಹತ್ತಬಹುದು. ಹೊಸನಗರದ ಹುಡುಗ ಅರಸಾಳಿನ ರೈಲು ಹಿಡಿಯಬಹುದು. ಬಸ್ಸುಗಳ ಸಂಖ್ಯೆ ಜಾಸ್ತಿ ಮಾಡಬೇಕಾಗಿಲ್ಲ. ಇರುವವನ್ನೇ ಒಂದಕ್ಕೊಂದು ಭೇಟಿ ಮಾಡಿಸಬೇಕು. ಮಳೆಗಾಲದಲ್ಲಿ ಬಸ್ಸು ಹತ್ತು ನಿಮಿಷ ತಡ ಆಗುವುದು ಸಹಜ, ಆ ಹತ್ತು ನಿಮಿಷವನ್ನು ಮೊದಲೇ ಟೈಮಿನಲ್ಲಿ ಸೇರಿಸಿಟ್ಟರೆ ಆಯಿತು. ಖಾಸಗಿ ಬಸ್ಸಿನಲ್ಲೂ ಹೆಂಗಸರ ಟಿಕೆಟ್ಟಿನ ದುಡ್ಡು ಸರ್ಕಾರ ಕಟ್ಟಿಕೊಟ್ಟು, ಅದಕ್ಕೆ ಬದಲಾಗಿ ಮಾಲೀಕರು ಈ ಟೈಮಿಗೆ ಒಪ್ಪಬೇಕು ಅಂತ ಕೇಳಿದರೆ ಇಬ್ಬರಿಗೂ ನ್ಯಾಯ ಆಗುತ್ತದೆ ಅಂತ ನನ್ನ ಅನಿಸಿಕೆ.

ಹಾಗಾಗಿ ನನ್ನ ಅಂಕ ಹೀಗೆ: ಬಸ್ಸಿನ ಸಿಬ್ಬಂದಿಗೆ ಐದಕ್ಕೆ ಐದು. ರೈಲಿನ ಪ್ರಯಾಣಕ್ಕೆ ನಾಲ್ಕು. ಒಂದರಿಂದ ಇನ್ನೊಂದಕ್ಕೆ ದಾಟುವುದಕ್ಕೆ ಒಂದು.

ಈ ದಾರಿ ಹಿಡಿಯುವವರಿಗೆ ಎರಡು ಮಾತು. ಮಳೆಗಾಲದಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂರಬೇಡಿ, ಸೋರುತ್ತದೆ. ರೈಲಲ್ಲಿ ಅರಸಾಳಿಗೆ ಹೋಗುವುದಾದರೆ ಮನೆಯವರಿಗೆ ಫೋನ್ ಮಾಡಿ ಗಾಡಿ ತರಲು ಹೇಳಿ, ಅಥವಾ ರಿಪ್ಪನ್‌ಪೇಟೆಯ ಆಟೋದವರ ನಂಬರ್ ಮೊದಲೇ ಇಟ್ಟುಕೊಳ್ಳಿ.

ನನ್ನ ನೋಟ್‌ಬುಕ್‌ನ ಹದಿನಾರು ವಾರದ ಪುಟಗಳನ್ನು ಜೆರಾಕ್ಸ್ ಮಾಡಿಸಿದ್ದೇನೆ. ಅರ್ಜಿಯೂ ಬರೆದಾಗಿದೆ. ಪ್ರಾಧಿಕಾರದ ಅಧ್ಯಕ್ಷರ ಕಚೇರಿಗೆ ಬರುವ ಸೋಮವಾರ ಕೊಡುತ್ತೇನೆ. ಆನಂದಪುರ, ಸಾಗರ, ತೀರ್ಥಹಳ್ಳಿ ಕಡೆ ದಿನಾ ಓಡಾಡುವವರು ಯಾರಾದರೂ ಇದ್ದರೆ, ನೀವು ಯಾವ ಸ್ಟಾಪಿನಲ್ಲಿ ಎಷ್ಟು ಹೊತ್ತು ಕಾದಿರಿ ಅಂತ ಒಂದು ವಾರ ಬರೆದು ಕೊಡಿ. ನನ್ನ ಹಾಳೆಯ ಜೊತೆ ನಿಮ್ಮದನ್ನೂ ಲಗತ್ತಿಸುತ್ತೇನೆ.